ಯುದ್ಧ ಮಾನಿಟರ್‌ನಲ್ಲಿತ್ತು, ಬೆಟ್ಟ ಕಿಟಕಿಯಲ್ಲಿತ್ತು

ಯುದ್ಧದ ಗೇಮ್ ಅಂದ ತಕ್ಷಣ ಈಗಿನ ಮಕ್ಕಳು ಮೊಬೈಲ್ ತೆಗೆದು ಪಬ್‌ಜಿ ತೋರಿಸ್ತಾರೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ನಲವತ್ತರ ಆಸುಪಾಸಿನವರನ್ನು ಕೇಳಿ ನೋಡಿ. ಅವರು ಬೇರೆಯದೇ ಹೆಸರು ಹೇಳ್ತಾರೆ. 1997ರ ಏಜ್ ಆಫ್ ಎಂಪೈರ್ಸ್. 1998ರ ಕಮ್ಯಾಂಡೋಸ್. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರು ಇವರು. ಕೋಟೆ ಇನ್ನೇನು ಬಿತ್ತು ಅನ್ನುವಾಗ ಕರೆಂಟ್ ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಿದವರು. ಆ ಕಾಲದಲ್ಲಿ ಶತ್ರು ಸೈನ್ಯಕ್ಕಿಂತ ಲೋಡ್ ಶೆಡ್ಡಿಂಗ್‌ಗೇ ಹೆಚ್ಚು ಹೆದರಬೇಕಿತ್ತು!

ಈ ಆಟಗಳ ವಂಶಾವಳಿ ಸ್ವಾರಸ್ಯಕರವಾಗಿದೆ. ಚದುರಂಗ ನಮ್ಮ ನೆಲದ್ದು. 19ನೇ ಶತಮಾನದ ಮೊದಲ ಭಾಗದಲ್ಲಿ ಪ್ರಷ್ಯಾದ ಸೈನ್ಯ ನಕ್ಷೆ ಹರಡಿ, ದಾಳ ಉರುಳಿಸಿ ಅಧಿಕಾರಿಗಳಿಗೆ ಯುದ್ಧ ಕಲಿಸಿತು. 1950ರ ದಶಕದಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ಅದನ್ನೇ ಡಬ್ಬಿಯಲ್ಲಿ ಹಾಕಿ ಮನೆಮನೆಗೆ ಮಾರಿತು. 1979ರಲ್ಲಿ ಜೋಯಲ್ ಬಿಲ್ಲಿಂಗ್ಸ್ ಎಂಬ ಯುವಕ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಎಸ್‌ಐ ಶುರು ಮಾಡಿದ. 1980ರಲ್ಲಿ ಬಂದ ಅವನ ಮೊದಲ ಗೇಮ್, ಜರ್ಮನಿಯ ಬಿಸ್ಮಾರ್ಕ್ ಹಡಗಿನ ಬೇಟೆಯದ್ದು. 1994ರಲ್ಲಿ ಅದೇ ಕಂಪನಿಯಿಂದ ಪ್ಯಾಂಜರ್ ಜನರಲ್ ಬಂತು. ಇನ್ನೊಂದು ಕಡೆ, 1982ರಲ್ಲಿ ಮಾಜಿ ಪೈಲಟ್ ಬಿಲ್ ಸ್ಟೀಲಿ ಮತ್ತು ಸಿಡ್ ಮೇಯರ್ ಸೇರಿ ಕಟ್ಟಿದ ಮೈಕ್ರೋಪ್ರೋಸ್.

ಇವತ್ತು ಇವರೆಲ್ಲ ಎಲ್ಲಿದ್ದಾರೆ? 1998ರ ಒಂದೇ ವರ್ಷದಲ್ಲಿ ಹ್ಯಾಸ್‌ಬ್ರೋ ಎಂಬ ಆಟಿಕೆ ಕಂಪನಿ ಅವಲಾನ್ ಹಿಲ್ ಮತ್ತು ಮೈಕ್ರೋಪ್ರೋಸ್ ಎರಡನ್ನೂ ಕೊಂಡುಕೊಂಡಿತು. ಎಸ್‌ಎಸ್‌ಐ ಕೈಯಿಂದ ಕೈಗೆ ದಾಟಿ 2001ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಪಾಲಾಯಿತು. ಒಂದು ತಲೆಮಾರು ಹೆಸರು ನೋಡಿಯೇ ಡಬ್ಬಿ ಕೊಳ್ಳುತ್ತಿದ್ದ ಕಂಪನಿಗಳ ಕಥೆ ಇಷ್ಟು.

ಆದರೆ ನಾನು ಹೇಳಬೇಕಾದ ನಷ್ಟ ಬೇರೆ. ಆ ಡಬ್ಬಿಗಳಲ್ಲಿ ಫ್ಲಾಪಿ, ಸಿಡಿ ಜೊತೆ ದಪ್ಪನೆಯ ಕೈಪಿಡಿ ಇರುತ್ತಿತ್ತು. ಯುದ್ಧ ಯಾಕಾಯ್ತು, ದಾರಿ ಎಲ್ಲಿತ್ತು, ಸೈನ್ಯ ಏನು ತಿಂತು, ಎಲ್ಲ ಅದರಲ್ಲಿರುತ್ತಿತ್ತು. ನಮ್ಮೂರಿಗೆ ಡಬ್ಬಿ ಬರಲಿಲ್ಲ. ಬಂದದ್ದು ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ ಕಾಪಿ ಸಿಡಿ. ಆಟ ಬಂತು, ಇತಿಹಾಸ ಬರಲಿಲ್ಲ. ಹುಡುಗರು ಬೆರಳಿನ ಅಭ್ಯಾಸದಿಂದ ಗೆದ್ದರು. ಯಾವ ಯುದ್ಧ ಗೆದ್ವಿ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಹಳೆಯ ಯುದ್ಧದಾಟಗಳು ಒಂದು ಪಾಠವನ್ನು ಮತ್ತೆಮತ್ತೆ ಕಲಿಸುತ್ತಿದ್ದವು. ಸೈನ್ಯ ಶೌರ್ಯದಿಂದಷ್ಟೇ ಗೆಲ್ಲೋದಿಲ್ಲ, ಸರಬರಾಜಿನಿಂದ ಗೆಲ್ಲುತ್ತೆ. ಪ್ಯಾಂಜರ್ ಜನರಲ್‌ನಲ್ಲಿ ಇಂಧನ ಮುಗಿದ ಟ್ಯಾಂಕು ನಿಂತಲ್ಲೇ ನಿಲ್ಲುತ್ತಿತ್ತು. ವೀಕ್ಷಕರೇ, ಇದೇ ಪಾಠಕ್ಕೆ ಒಳ್ಳೆಯ ಉದಾಹರಣೆ ಯುರೋಪಿನಲ್ಲಿ ಹುಡುಕಬೇಕಾಗಿರಲಿಲ್ಲ. ಸೈಬರ್ ಸೆಂಟರ್‌ನಿಂದ ಹೊರಗೆ ಬಂದು ತಲೆ ಎತ್ತಿದ್ದರೆ ಸಾಕಿತ್ತು, ನಂದಿಬೆಟ್ಟ ಕಾಣ್ತಿತ್ತು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲಿಗೇ ಹೋದ. ಅಲ್ಲಿಂದ ವಾಪಸ್ ಬಂದ! ಯಾಕೆ? ಎತ್ತುಗಳು ಸತ್ತವು, ಧಾನ್ಯ ಮುಗೀತು. ಎಳೆದೊಯ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹಿಂದೆ ಸರಿದ. ಮತ್ತೆ ಹೋಗಬೇಕಾದರೆ ಮೊದಲು ದಾರಿ ಭದ್ರವಾಗಬೇಕಿತ್ತು. ಬೆಂಗಳೂರಿನ ಉತ್ತರಕ್ಕೆ, ಈಶಾನ್ಯಕ್ಕೆ ಟಿಪ್ಪುವಿನ ಬೆಟ್ಟದ ಕೋಟೆಗಳಿದ್ದವು. ಅವು ಇರೋತನಕ ನಿಜಾಮನ ಕಡೆಯ ದಾರಿಗೆ ಅಪಾಯ. ಸೆಪ್ಟೆಂಬರ್‌ನಲ್ಲಿ ಮೇಜರ್ ಗೌಡಿಯ ಪಡೆಗೆ ಈಗಿನ ಚಿಂತಾಮಣಿ ತಾಲ್ಲೂಕಿನ ರಹಮಾನ್‌ಗಢ ಶರಣಾಯಿತು. ಆಮೇಲೆ ನಂದಿ.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಪಡುವಣದ ಕಡೆ ಬಿಟ್ಟು ಉಳಿದೆಲ್ಲ ಕಡೆ ಕಡಿದಾದ ಬಂಡೆ. ಬ್ರಿಟಿಷರು ಇಳಿಜಾರಿನಲ್ಲಿ ದಾರಿ ಕಡಿದು ಫಿರಂಗಿ ಏರಿಸಿದರು. ಸುಮಾರು ಮೂರು ವಾರ ಹೋರಾಡಿ ಗೋಡೆಯಲ್ಲಿ ಎರಡು ಕಡೆ ಬಿರುಕು ಮಾಡಿದರು. ಅಕ್ಟೋಬರ್ 18ರ ರಾತ್ರಿ ಚಂದ್ರ ಮೂಡಿದ ಮೇಲೆ ನುಗ್ಗಿದರು. ಮೇಲಿದ್ದವರು ದೊಡ್ಡ ದೊಡ್ಡ ಕಲ್ಲುಗುಂಡು ಉರುಳಿಸಿದರು. 19ರ ಬೆಳಗಾಗೋ ಹೊತ್ತಿಗೆ ಕೋಟೆ ಬಿದ್ದಿತ್ತು. ನಾಲ್ಕೇ ತಿಂಗಳಿಗೆ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದಲ್ಲಿದ್ದ. 1792ರ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯ ಕಳೆದುಕೊಂಡಿತು.

ಆ ಎರಡನೇ ಸಲ ಅವನ ಸೈನ್ಯಕ್ಕೆ ಅಕ್ಕಿ, ಕಾಳು ತಲುಪಿಸಿದವರಲ್ಲಿ ಬಂಜಾರರು ದೊಡ್ಡ ಪಾಲು. ನಮ್ಮ ಲಂಬಾಣಿಗಳ ಪೂರ್ವಜರು. ಗೇಮಿನಲ್ಲಿ ಸರಬರಾಜು ಅಂದರೆ ಒಂದು ಸಂಖ್ಯೆ. ಇಲ್ಲಿ ಅದು ಎತ್ತಿನ ಬೆನ್ನಿನ ಗೋಣಿಚೀಲ, ರೈತನ ಕಣಜದ ಕಾಳು. ಟಿಪ್ಪುವಿನ ಬಗ್ಗೆ ನಿಮ್ಮ ಅಭಿಪ್ರಾಯ ಏನಾದರೂ ಇರಲಿ. ಆ ರಾತ್ರಿ ಮೇಲೆ ಸತ್ತವರೂ ಕೆಳಗೆ ಬರಿದಾದ ಹಳ್ಳಿಗಳೂ ಈ ಸೀಮೆಯ ಲೆಕ್ಕಕ್ಕೆ ಸೇರಿದ್ದು.

ಹಾಗಾದರೆ ಮೈಸೂರು ಯಾವ ಗೇಮಿನಲ್ಲೂ ಇಲ್ವಾ? ಇದೆ. 2009ರಲ್ಲಿ ಸೇಗಾ ಕಂಪನಿ ತಂದ ಎಂಪೈರ್: ಟೋಟಲ್ ವಾರ್ 18ನೇ ಶತಮಾನದ ಕಥೆ. ಅದರಲ್ಲಿ ಬ್ರಿಟನ್ ಆಗಿ ಆಡಬಹುದು, ಮರಾಠರಾಗಿ ಆಡಬಹುದು. ಮೈಸೂರು ನಕ್ಷೆಯಲ್ಲಿದೆ, ಆದರೆ ಅದನ್ನು ಆರಿಸಿಕೊಳ್ಳೋ ಹಾಗಿಲ್ಲ. ಯಾರೋ ಬಂದು ಗೆಲ್ಲಬೇಕಾದ ಊರು, ಅಷ್ಟೇ.

ಇದಕ್ಕೆ ಹೊರಗಿನವರನ್ನು ಬೈದು ಪ್ರಯೋಜನವಿಲ್ಲ. ಅವರು ಅವರ ಯುದ್ಧ ನೆನಪಿಟ್ಟರು, ಅವರ ಆಟ ಮಾಡಿದರು. ಕೆಲಸ ಗೊತ್ತಿರೋ ಕೈಗಳು ನಮ್ಮಲ್ಲೂ ಇದ್ದವು. 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಕಟ್ಟಿದರು. ಅಲ್ಲಿನ ಕಲಾವಿದರು ವಿದೇಶಿ ಗೇಮುಗಳಿಗೆ ವರ್ಷಗಟ್ಟಲೆ ಚಿತ್ರ ರೂಪಿಸಿದರು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು. ಕೈ ನಮ್ಮದು, ಕಥೆ ಅವರದು.

ಈಗ ಗೇಮ್ ಮಾಡೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ನಂದಿಯ ಬುಡದಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿವೆ. ಭಾನುವಾರ ಬಂದರೆ ಸಾವಿರಾರು ಜನ ಬೆಟ್ಟ ಹತ್ತಿ, ಟಿಪ್ಪು ಡ್ರಾಪ್ ಹತ್ತಿರ ಸೆಲ್ಫಿ ತಗೊಂಡು ಇಳೀತಾರೆ. ಅವರಲ್ಲಿ ನಾಲ್ಕು ಹುಡುಗ ಹುಡುಗಿಯರು ಆ ಗೋಡೆಯ ಅಳತೆ ತಗೊಂಡು ಬಂದರೆ ಸಾಕು. ಕಲ್ಲು ಉರುಳಿಸಿದವನ ಪರವಾಗಿಯೂ ಆಡೋಕೆ ಬರಬೇಕು, ಬಂಜಾರನ ಪರವಾಗಿಯೂ ಬರಬೇಕು. ಜೊತೆಗೊಂದು ಕೈಪಿಡಿ ಇರಲಿ. ಈ ಸಲ ಕನ್ನಡದಲ್ಲಿ.