ಕೈಬಿಟ್ಟ ಚುಕ್ಕಾಣಿ

ಒಂಟಿಯಾಗಿ ಅಟ್ಲಾಂಟಿಕ್ ದಾಟಹೊರಟವನಿಗೆ ಅಲೆಗಿಂತ ದೊಡ್ಡ ಶತ್ರು ನಿದ್ದೆ. ಚುಕ್ಕಾಣಿ ಬಿಟ್ಟು ಮಲಗಿದರೆ ದೋಣಿ ದಿಕ್ಕು ತಪ್ಪುತ್ತದೆ. ಮಲಗದಿದ್ದರೆ ಮನುಷ್ಯನೇ ದಿಕ್ಕು ತಪ್ಪುತ್ತಾನೆ. ಈ ತೊಡಕಿಗೆ ಉತ್ತರ ಹುಡುಕಿದವನು ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯ ಅಧಿಕಾರಿ ಹರ್ಬರ್ಟ್ ಹ್ಯಾಸ್ಲರ್. ಗೆಳೆಯರ ಬಾಯಲ್ಲಿ 'ಬ್ಲಾಂಡಿ'.

ದಣಿವು ಎಂದರೇನೆಂದು ಅವನಿಗೆ ಯುದ್ಧವೇ ಕಲಿಸಿತ್ತು. 1942ರ ಡಿಸೆಂಬರ್ 7ರ ರಾತ್ರಿ, ಫ್ರಾನ್ಸಿನ ಜಿರೋಂಡ್ ಅಳಿವೆಯ ಹೊರಗೆ 'ಟ್ಯೂನಾ' ಜಲಾಂತರ್ಗಾಮಿಯಿಂದ ಐದು ಪುಟ್ಟ ದೋಣಿಗಳು ನೀರಿಗಿಳಿದವು. ಒಂದೊಂದರಲ್ಲಿ ಇಬ್ಬರು. ಹಗಲೆಲ್ಲ ದಡದಲ್ಲಿ ಅಡಗಿ, ರಾತ್ರಿ ಉಬ್ಬರದ ಜೊತೆ ಹುಟ್ಟುಹಾಕುತ್ತ ಜರ್ಮನ್ನರ ವಶದಲ್ಲಿದ್ದ ಬೋರ್ಡೊ ಬಂದರು ಸೇರಬೇಕಿತ್ತು. ಅಲ್ಲಿಗೆ ಮುಟ್ಟಿದ್ದು ಎರಡೇ ದೋಣಿ. ಹಡಗುಗಳ ಪಕ್ಕೆಗೆ ಸಿಡಿಮದ್ದು ಅಂಟಿಸಿ ಅವರು ಕತ್ತಲಲ್ಲಿ ಕರಗಿದರು. ಆರು ಮಂದಿ ಸೆರೆಸಿಕ್ಕು ಗುಂಡಿಗೆ ಬಲಿಯಾದರು, ಇಬ್ಬರನ್ನು ಕೊರೆವ ನೀರು ಕೊಂದಿತು. ಮನೆಗೆ ಮರಳಿದವರು ಹ್ಯಾಸ್ಲರ್ ಮತ್ತು ಅವನ ಜೊತೆಗಾರ ಬಿಲ್ ಸ್ಪಾರ್ಕ್ಸ್, ಇಬ್ಬರೇ.

1948ರಲ್ಲಿ ಹ್ಯಾಸ್ಲರ್ ಸೇನೆ ಬಿಟ್ಟ. ಅಷ್ಟರಲ್ಲಾಗಲೇ ಕಡಲ ಪಂದ್ಯಗಳಲ್ಲಿ ಹೆಸರು ಮಾಡಿದ್ದ.

ಪಂದ್ಯವೆಂದರೆ ಹಗ್ಗ ಜಗ್ಗಲು ಆಳುಗಳ ತಂಡವೇ ಬೇಕೆಂದು ನಂಬಿದ್ದ ಕಾಲ ಅದು. ಹ್ಯಾಸ್ಲರನ 25 ಅಡಿಯ 'ಜೆಸ್ಟರ್' ಆ ನಂಬಿಕೆಯನ್ನೇ ತಿರುವಿಹಾಕಿತು. ಚೀನೀ ದೋಣಿಗಳ ಮಾದರಿಯ ಒಂದೇ ಹಾಯಿ. ಅದರ ಅಡ್ಡಪಟ್ಟಿಗಳು ಬೀಸಣಿಗೆಯಂತೆ ಒಂದರ ಮೇಲೊಂದು ಮಡಚಿಕೊಳ್ಳುತ್ತಿದ್ದವು. ಮುಚ್ಚಿದ ಮೇಲ್ಭಾಗದ ನಡುವೆ ದುಂಡನೆಯ ಕಿಂಡಿ. ಅದರಲ್ಲಿ ನಿಂತೇ ಹಾಯಿಯನ್ನು ಏರಿಸಬಹುದು, ಇಳಿಸಬಹುದು. ಹಿಂಬದಿಯಲ್ಲಿ ಗಾಳಿಗೆ ಹೊರಳುವ ರೆಕ್ಕೆ. ದೋಣಿ ದಾರಿ ತಪ್ಪಿದೊಡನೆ ಅದು ನೀರೊಳಗಿನ ಸಣ್ಣ ಅಲಗನ್ನು ತಿರುಗಿಸುತ್ತದೆ; ಅಲಗಿಗೆ ತಾಗುವ ನೀರಿನ ಒತ್ತಡವೇ ಚುಕ್ಕಾಣಿಯನ್ನು ಹೊರಳಿಸುತ್ತದೆ. ವಿದ್ಯುತ್ತಿಲ್ಲ, ಎಂಜಿನ್ ಇಲ್ಲ. ಇಷ್ಟು ಸರಳವಾದದ್ದನ್ನು ಯೋಚಿಸುವುದಕ್ಕೆ ಎಷ್ಟು ಪರಿಣತಿ ಬೇಕು!

ಒಂಟಿ ನಾವಿಕರ ಪಂದ್ಯವೂ ಅವನದೇ ಕಲ್ಪನೆ. ಹಲವರು ಇದನ್ನು ಹುಚ್ಚುತನವೆಂದರು. ಕೊನೆಗೆ 'ಅಬ್ಸರ್ವರ್' ಪತ್ರಿಕೆಯ ಬೆಂಬಲ ಸಿಕ್ಕಿ, 1960ರ ಜೂನ್ 11ರಂದು ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ನಾಲ್ವರು ಹೊರಟರು; ಐದನೆಯವನು ತಡವಾಗಿ ಸೇರಿಕೊಂಡ. ಫ್ರಾನ್ಸಿಸ್ ಚಿಚೆಸ್ಟರ್ ತನ್ನ ದೊಡ್ಡ ದೋಣಿಯಲ್ಲಿ 40 ದಿನಕ್ಕೆ ಗುರಿ ಮುಟ್ಟಿದ. 48 ದಿನ ತೆಗೆದುಕೊಂಡ ಹ್ಯಾಸ್ಲರ್ ಎರಡನೆಯವನಾದ. ಐವರೂ ಜೀವಂತವಾಗಿ ದಡ ಸೇರಿದರು. ಜಿರೋಂಡ್ ಕಂಡವನಿಗೆ ಆ ಲೆಕ್ಕವೇ ದೊಡ್ಡದಾಗಿರಬೇಕು.

ಮುಂದೆ ಜೆಸ್ಟರ್ ಮೈಕ್ ರಿಚಿ ಎಂಬ ನಾವಿಕನ ಕೈಸೇರಿ ಮತ್ತೆ ಮತ್ತೆ ಅಟ್ಲಾಂಟಿಕ್‌ಗೆ ಇಳಿಯಿತು. 1988ರಲ್ಲಿ ಅದೇ ಪಂದ್ಯದ ನಡುವೆ ಅದನ್ನು ಕಡಲಿನಲ್ಲೇ ಬಿಟ್ಟುಬರಬೇಕಾಯಿತು. ಹ್ಯಾಸ್ಲರ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.