ಅಡ್ಜಸ್ಟ್ ಮಾಡು

ಅಡ್ಜಸ್ಟ್: ಇಂಗ್ಲಿಷಿನಿಂದ ಕನ್ನಡದ ಆಡುಮಾತಿಗೆ ಬಂದು, ಮಾಡು, ಆಗು, ಮಾಡಿಕೊ ಎಂಬ ಕ್ರಿಯಾಪದಗಳ ಜೊತೆಗೂಡಿ ನಡೆಯುವ ಪದ. ಸರಿಪಡಿಸು, ಹೊಂದಿಸು, ಒಗ್ಗಿಕೊ, ಜಾಗ ಬಿಟ್ಟುಕೊಡು, ಸಹಿಸಿಕೊ ಎಂಬ ಅರ್ಥಗಳೆಲ್ಲ ಇದಕ್ಕುಂಟು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು, ಮುಂಬಯಿಯ ಲೋಕಲ್ ರೈಲಿನಲ್ಲಿ ‘ಥೋಡಾ ಅಡ್ಜಸ್ಟ್ ಕರೋ’ ಎಂದು ದಿನಬೆಳಗಾದರೆ ಕಿವಿಗೆ ಬೀಳುತ್ತದೆ.

ಮೂಲ: ಲ್ಯಾಟಿನ್ನಿನ ‘ಯುಕ್ಸ್ತಾ’ ಎಂದರೆ ಹತ್ತಿರ, ಪಕ್ಕದಲ್ಲಿ. ಅದರಿಂದ ಹುಟ್ಟಿದ ‘ಅಡ್‌ಯುಕ್ಸ್ತಾರೆ’ ಎಂದರೆ ಪಕ್ಕಕ್ಕೆ ತರು. ಹಳೆಯ ಫ್ರೆಂಚಿನ ಮೂಲಕ ಈ ಪದ 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂತು; 1600ರ ಸುಮಾರಿಗೆ ಫ್ರೆಂಚಿನಿಂದಲೇ ಇನ್ನೊಮ್ಮೆ ಬಂತು. ನ್ಯಾಯ ಎಂಬರ್ಥದ ‘ಯುಸ್ತುಸ್’ ಪದವೇ ಇದರ ಬೇರು ಎಂದು ಜನ ತಪ್ಪಾಗಿ ತಿಳಿದದ್ದರಿಂದ ‘ಹತ್ತಿರ ತರು’ ಎಂಬ ಅರ್ಥ ಹಿಂದೆ ಸರಿದು ‘ಸರಿಮಾಡು, ಇತ್ಯರ್ಥ ಮಾಡು’ ಎಂಬುದು ಮುಂದೆ ಬಂತು. ಹೀಗೆ ಅದು ಗಡಿಯಾರ, ತಕ್ಕಡಿ, ಲೆಕ್ಕಪತ್ರ, ವಿಮೆಯ ಕ್ಲೇಮುಗಳ ಪದವಾಯಿತು. ಮನುಷ್ಯ ಹೊಸ ಪರಿಸ್ಥಿತಿಗೆ ಒಗ್ಗಿಕೊಳ್ಳುವುದು ಎಂಬ ಅರ್ಥ ತೀರ ಈಚಿನದು, 20ನೇ ಶತಮಾನದ್ದು. ‘ಯುಕ್ಸ್ತಾ’ ಪದದ ಬೇರು ಮತ್ತು ಸಂಸ್ಕೃತದ ‘ಯುಜ್’ ಧಾತು ಒಂದೇ ಮೂಲದವು. ನಾವು ದಿನವೂ ಆಡುವ ಯೋಗ, ಯುಕ್ತ, ಯುಗ್ಮ ಪದಗಳು ಅಡ್ಜಸ್ಟಿಗೆ ದೂರದ ದಾಯಾದಿಗಳು.

ಬೊರಿವಲಿಯ ಬಳಕೆ: ಮರೆಯಾಗಿದ್ದ ಆ ‘ಪಕ್ಕಕ್ಕೆ ತರು’ ಎಂಬ ಅರ್ಥ ಮತ್ತೆ ಜೀವ ಪಡೆದದ್ದು ಹಿಂದೂಸ್ಥಾನದ ರೈಲು ಬಸ್ಸುಗಳಲ್ಲಿ. ಅದನ್ನು ಕಣ್ಣಾರೆ ನೋಡಲು ಮುಂಬಯಿಯ ಉಪನಗರ ಬೊರಿವಲಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1867ರ ಏಪ್ರಿಲ್ 12ರಂದು ವಿರಾರದಿಂದ ಬ್ಯಾಕ್‌ಬೇಗೆ ಮೊದಲ ಉಪನಗರ ರೈಲು ಹೊರಟಾಗ ದಿನಕ್ಕೆ ಒಂದೇ ಗಾಡಿ. ಅಂದಿನ ನಿಲ್ದಾಣಗಳ ಪಟ್ಟಿಯಲ್ಲಿ ಈ ಊರು ‘ಬೆರೆವ್ಲಾ’. 1928ರ ಜನವರಿಯಲ್ಲಿ ಕೊಲಾಬಾದಿಂದ ಬೊರಿವಲಿವರೆಗೆ ವಿದ್ಯುತ್ ರೈಲು ಬಂತು. ಈಗ ಚರ್ಚ್‌ಗೇಟಿಗೆ ಸುಮಾರು 34 ಕಿ.ಮೀ. ದಾರಿ. ದಟ್ಟಣೆಯ ಹೊತ್ತಿನಲ್ಲಿ ಬೋಗಿಯ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಲ್ಲುತ್ತಾರೆಂಬುದು ರೈಲ್ವೆಯದೇ ಲೆಕ್ಕ.

ಸೆಕೆಂಡ್ ಕ್ಲಾಸಿನ ಬೆಂಚು ಮೂವರಿಗೆಂದು ಮಾಡಿದ್ದು. ನಾಲ್ಕನೆಯವರು ಬಂದು ‘ಅಡ್ಜಸ್ಟ್’ ಎಂದಾಗ ಯಾರೂ ತಲೆಯೆತ್ತುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. ಕಿಟಕಿಯ ಪಕ್ಕದವರು ಭುಜವನ್ನು ಗೋಡೆಗೆ ಒತ್ತುತ್ತಾರೆ, ನಡುವಿನವರು ಬ್ಯಾಗನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಳ್ಳುತ್ತಾರೆ, ಮೂರನೆಯವರು ಒಂದು ಗೇಣು ಸರಿಯುತ್ತಾರೆ. ಅಂಚಿನಲ್ಲಿ ಅರ್ಧ ತೊಡೆಯೂರಿ, ಒಂದು ಕಾಲನ್ನು ಓಡಾಡುವ ದಾರಿಯಲ್ಲಿಟ್ಟು ಕೂರುವುದೇ ‘ಫೋರ್ತ್ ಸೀಟ್’. ಗುಜರಾತಿಯವರು ‘ಜರಾ ಅಡ್ಜಸ್ಟ್ ಕರೋ ನೇ’ ಅನ್ನುತ್ತಾರೆ, ಮರಾಠಿಯವರು ‘ಥೋಡಂ ಅಡ್ಜಸ್ಟ್ ಕರಾ’, ಊರಿನಿಂದ ಬಂದ ನಮ್ಮ ತುಳುವರು ‘ಒಂತೆ ಅಡ್ಜಸ್ಟ್ ಮಲ್ಪುಲೆ’. ಹಿಂದೆ ಮುಂದಿನ ಮಾತು ಬೇರೆಯಾದರೂ ನಡುವಿನ ಪದ ಒಂದೇ. ಆದ್ದರಿಂದ ಕೇಳುವವರ ತಾಯ್ನುಡಿ ಯಾವುದಾದರೂ ಜಾಗ ಸಿಗುತ್ತದೆ. 1992ರ ಮೇ 5ರಂದು ಚರ್ಚ್‌ಗೇಟ್–ಬೊರಿವಲಿ ನಡುವೆ ಶುರುವಾದ ಲೇಡೀಸ್ ಸ್ಪೆಷಲ್ಲಿನಲ್ಲೂ ಇದೇ ಪದ, ಇದೇ ನಾಲ್ಕನೆಯ ಸೀಟು.

ರೂಪ: ಸಂಸ್ಕೃತದ ಧಾತುಗಳಿಗೆ ಕನ್ನಡ ‘ಇಸು’ ಹಚ್ಚಿ ಭಾವಿಸು, ಪ್ರಾರ್ಥಿಸು ಎಂದು ತನ್ನದಾಗಿಸಿಕೊಂಡಿತು; ಮರಾಠಿಯ ‘ಸಾಂಭಾಳಣೆ’ ನಮ್ಮಲ್ಲಿ ಸಂಭಾಳಿಸು ಆಯಿತು. ‘ಅಡ್ಜಸ್ಟಿಸು’ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡ ನಾಮಪದದ ಹಾಗೆ ಹಿಡಿದು, ಕಾಲ, ಲಿಂಗ, ವಚನದ ಭಾರವನ್ನೆಲ್ಲ ‘ಮಾಡು’ವಿನ ಮೇಲೆ ಹಾಕುತ್ತದೆ. ಅದರಿಂದ ಇಂಗ್ಲಿಷಿನಲ್ಲಿಲ್ಲದ ಸೂಕ್ಷ್ಮವೂ ಸಿಕ್ಕಿದೆ. ಮೆಕ್ಯಾನಿಕ್ ಬ್ರೇಕನ್ನು ಅಡ್ಜಸ್ಟ್ ಮಾಡುತ್ತಾನೆ, ಬಾಡಿಗೆ ಬಾಕಿ ಅಡ್ವಾನ್ಸಿನಲ್ಲಿ ಅಡ್ಜಸ್ಟ್ ಆಗುತ್ತದೆ, ಸೊಸೆ ಅಡ್ಜಸ್ಟ್ ಮಾಡಿಕೊಳ್ಳುತ್ತಾಳೆ. ಕೊನೆಯ ‘ಕೊಳ್ಳು’ವಿನಲ್ಲಿ ಭಾರ ಹೊತ್ತವರು ಯಾರೆಂಬುದು ತಿಳಿಯುತ್ತದೆ.

ಬೆರಕೆಯ ಬಗ್ಗೆ ಕನ್ನಡದ ಆತಂಕ ಹಳೆಯದು. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದೊಂದಿಗೆ ಸಂಸ್ಕೃತವನ್ನು ವಿವೇಚನೆಯಿಲ್ಲದೆ ಬೆರೆಸಬಾರದೆಂದು ಎಚ್ಚರಿಸಿತು. 1112ರಲ್ಲಿ ಧರ್ಮಾಮೃತ ಬರೆದ ನಯಸೇನ ಅಂಥ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ಕವಿರಾಜಮಾರ್ಗ ಹುಟ್ಟಿದ್ದು ಯಾವ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೋ ಅವನ ಆಳ್ವಿಕೆಯ ಶಾಸನಗಳು ಬೊರಿವಲಿಯ ಪೂರ್ವಕ್ಕಿರುವ ಕನ್ಹೇರಿ ಗುಹೆಗಳಲ್ಲಿವೆ. ಹೊಂದಿಸು, ಸರಿದೂಗಿಸು, ಸುಧಾರಿಸಿಕೊ ಎಂಬ ನಮ್ಮ ಪದಗಳು ಇವತ್ತಿಗೂ ಗಟ್ಟಿಯಾಗಿವೆ. ಆದರೆ ಬೆಂಚಿನ ಮೇಲೆ ಜಾಗ ಕೇಳುವುದಕ್ಕೆ ಅವು ಒದಗುವುದಿಲ್ಲ. ಅಲ್ಲಿ ಅಡ್ಜಸ್ಟ್ ಬಂದದ್ದು ಅಗತ್ಯಕ್ಕೆ ಎಂದೇ ಹೇಳಬೇಕು.

ಅಪಬಳಕೆ: ಒಳಒಪ್ಪಂದದ ರಾಜಕಾರಣಕ್ಕೆ ಕರ್ನಾಟಕದಲ್ಲಿ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂಬ ಹೆಸರು ಬಿದ್ದಿದೆ. ಇದಕ್ಕಿಂತ ನೋವಿನದು ಮನೆಯೊಳಗಿನ ಬಳಕೆ. ರೈಲಿನಲ್ಲಿ ಜಾಗವಿಲ್ಲದವರು ಕೇಳುತ್ತಾರೆ, ಇರುವವರು ಸರಿಯುತ್ತಾರೆ. ಮನೆಯಲ್ಲಿ ಅದು ತಿರುವುಮುರುವು: ಜಾಗವಿರುವವರೇ ಇಲ್ಲದವಳಿಗೆ ‘ಅಡ್ಜಸ್ಟ್ ಮಾಡ್ಕೊಳಮ್ಮ’ ಎಂದು ಬುದ್ಧಿ ಹೇಳುತ್ತಾರೆ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ಕುರಿತು 2024ರಲ್ಲಿ ಬಹಿರಂಗವಾದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ, ಲೈಂಗಿಕ ಬೇಡಿಕೆಗೆ ಅಲ್ಲಿ ಚಾಲ್ತಿಯಲ್ಲಿರುವ ಪದಗಳಲ್ಲಿ ‘ಅಡ್ಜಸ್ಟ್‌ಮೆಂಟ್’ ಒಂದೆಂದು ದಾಖಲಿಸಿದೆ. ಮುಂದೆ ಕನ್ನಡದಲ್ಲಿ ಎರವಲು ಪದಗಳ ಕೋಶ ಮಾಡುವವರು ಈ ಪದದೆದುರು ನಾಲ್ಕನೆಯ ಸೀಟಿನ ಅರ್ಥದ ಜೊತೆಗೆ ಈ ಅರ್ಥವನ್ನೂ ಬರೆಯಬೇಕು.