5040: ಪ್ಲೇಟೋನ ಭೂಹಂಚಿಕೆಯಿಂದ ರೋಬಿನ್ ಅಸಮಾನತೆಯವರೆಗೆ

ಪ್ಲೇಟೋ ತನ್ನ ಕೊನೆಗಾಲದಲ್ಲಿ ಬರೆದ ‘ಲಾಸ್’ ಸಂವಾದದ ಐದನೆಯ ಪುಸ್ತಕದಲ್ಲಿ ಒಂದು ಲೆಕ್ಕಾಚಾರ ಬರುತ್ತದೆ. ಕ್ರೀಟ್ ದ್ವೀಪದಲ್ಲಿ ಹೊಸದಾಗಿ ಕಟ್ಟಬೇಕಾದ ನಗರದಲ್ಲಿ ಎಷ್ಟು ಮನೆತನಗಳಿರಬೇಕು? 5040 ಎನ್ನುತ್ತಾನೆ ಅವನು. ಜಮೀನು ಹಂಚುವಾಗ, ತೆರಿಗೆ ಎತ್ತುವಾಗ, ಯುದ್ಧಕ್ಕೆ ತುಕಡಿ ಕಟ್ಟುವಾಗ ಶೇಷ ಉಳಿಯಬಾರದು. ಈ ಸಂಖ್ಯೆಗೆ ತನ್ನನ್ನು ಬಿಟ್ಟು 59 ಭಾಜಕಗಳಿವೆ, 1ರಿಂದ 10ರವರೆಗಿನ ಎಲ್ಲವೂ ಅದರಲ್ಲಿ ಸೇರಿವೆ. 12ರಿಂದಲೂ ಭಾಗವಾಗುವುದರಿಂದ ಹನ್ನೆರಡು ಕುಲಗಳಿಗೆ ತಲಾ 420 ಮನೆಗಳು. 11 ಮಾತ್ರ ಒಗ್ಗುವುದಿಲ್ಲ. ಅದಕ್ಕೂ ಆರನೆಯ ಪುಸ್ತಕದಲ್ಲಿ ಪರಿಹಾರವಿದೆ: ಎರಡು ಮನೆ ಬಿಟ್ಟರಾಯಿತು, 5038 ಎಂದರೆ 11ರ 458 ಪಟ್ಟು.

ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ಐದು ಸಾವಿರ ಮಂದಿ ದುಡಿಯದೆ ಉಣ್ಣಬೇಕಾದರೆ ಬ್ಯಾಬಿಲೋನಿನಷ್ಟು ವಿಶಾಲವಾದ ನೆಲ ಬೇಕಾದೀತೆಂದು ‘ಪಾಲಿಟಿಕ್ಸ್’ನಲ್ಲಿ ಆಕ್ಷೇಪಿಸಿದ. ಆಕ್ಷೇಪ ಅರ್ಥಶಾಸ್ತ್ರದ್ದು, ಗಣಿತದ್ದಲ್ಲ.

1ರಿಂದ 7ರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ 5040. 7ರಿಂದ 10ರವರೆಗೆ ಗುಣಿಸಿದರೂ ಅದೇ. ಏಳು ವಸ್ತುಗಳನ್ನು ಸಾಲಾಗಿ ಜೋಡಿಸುವ ಬಗೆಗಳೂ ಅಷ್ಟೇ. ಇಂಗ್ಲೆಂಡಿನ ಚರ್ಚುಗಳ ಗಂಟೆ ಬಾರಿಸುವವರಿಗೆ ಇದು ಚೆನ್ನಾಗಿ ಗೊತ್ತು: 1715ರಲ್ಲಿ ನಾರ್ವಿಚ್‌ನ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್‌ನಲ್ಲಿ ಏಳು ಗಂಟೆಗಳ 5040 ಕ್ರಮಗಳನ್ನೂ ಒಂದೇ ಪಟ್ಟಿಗೆ ಬಾರಿಸಿದ ದಾಖಲೆಯಿದೆ.

ಪ್ಲೇಟೋನನ್ನು ಸಂಖ್ಯಾಸಿದ್ಧಾಂತದ ಮೂಲಪುರುಷ ಮಾಡುವುದು ಅತಿಯಾದೀತು. ಅವನಿಗೆ ಬೇಕಿದ್ದದ್ದು ಜಗಳವಿಲ್ಲದ ಪಾಲು. ಆದರೆ ಅವನು ಎಣಿಸಿದ ಗುಣವನ್ನೇ ಅಧ್ಯಯನದ ವಸ್ತುವಾಗಿಸಿದವರು ಶ್ರೀನಿವಾಸ ರಾಮಾನುಜನ್. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳುಳ್ಳ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. ಮರುವರ್ಷ ಕೇಂಬ್ರಿಜ್ ಪದವಿ ದೊರೆತದ್ದು ಅದಕ್ಕೇ. ಆ ಸಾಲಿನಲ್ಲಿ 2520ಕ್ಕೆ 48 ಭಾಜಕಗಳು, ನಂತರದ 5040ಕ್ಕೆ ತನ್ನನ್ನೂ ಸೇರಿಸಿ 60. ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಆಗ ಹಣದ ಮುಗ್ಗಟ್ಟಿದ್ದುದರಿಂದ ಪ್ರಬಂಧದ ಒಂದು ಭಾಗ ಅಚ್ಚಾಗಲಿಲ್ಲ. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗೆಗಿನ, ಇನ್ನೂ ಸಾಧಿತವಾಗದ ರೀಮನ್ ಊಹೆ ನಿಜವೆಂದಿಟ್ಟುಕೊಂಡು ಭಾಜಕಗಳ ಮೊತ್ತ ಎಲ್ಲಿಯವರೆಗೆ ಬೆಳೆಯಬಲ್ಲದೆಂದು ಅಳೆದದ್ದು ಆ ಭಾಗದಲ್ಲೇ. ಟಿಪ್ಪಣಿ ಸಮೇತ ಅದು ಬೆಳಕಿಗೆ ಬಂದದ್ದು 1997ರಲ್ಲಿ.

ಅದಕ್ಕೂ ಮೊದಲೇ, 1984ರಲ್ಲಿ, ಫ್ರಾನ್ಸಿನ ಗೀ ರೋಬಿನ್ ಬೇರೆ ದಾರಿಯಿಂದ ಇದೇ ನೆಲೆಗೆ ಬಂದಿದ್ದರು. ಒಂದು ಸಂಖ್ಯೆಯ ಲಾಗರಿದಮ್ ತೆಗೆದು, ಬಂದದ್ದರ ಲಾಗರಿದಮ್ ಮತ್ತೆ ತೆಗೆದು, ಅದನ್ನು ಮೂಲ ಸಂಖ್ಯೆಯಿಂದಲೂ ಆಯ್ಲರ್ ಸ್ಥಿರಾಂಕದಿಂದ ಹುಟ್ಟುವ ಸುಮಾರು 1.781ರಿಂದಲೂ ಗುಣಿಸಿದರೆ ಒಂದು ಮಿತಿ ಸಿಗುತ್ತದೆ. 5040ಕ್ಕೆ ಆ ಮಿತಿ ಸುಮಾರು 19,237. ಭಾಜಕಗಳ ಮೊತ್ತವೋ 19,344. ಹೀಗೆ ಮಿತಿ ಮೀರುವ ಸಂಖ್ಯೆಗಳು, 2ರಿಂದ ಹಿಡಿದು, ಈವರೆಗೆ ತಿಳಿದಿರುವುದು 27, ಕೊನೆಯದು 5040. ಅದರಾಚೆ ಒಂದೂ ಇಲ್ಲವೆಂದು ಸಾಧಿಸಿದರೆ ರೀಮನ್ ಊಹೆಯನ್ನೇ ಸಾಧಿಸಿದಂತೆ, ಒಂದೇ ಒಂದು ಸಿಕ್ಕರೂ ಊಹೆ ಸುಳ್ಳು: ಇದು ರೋಬಿನ್ ಪ್ರಮೇಯ.

ಅಂಥ ಸಂಖ್ಯೆ ಇದ್ದರೆ ಹೇಗಿರಬೇಕೆಂಬ ಹುಡುಕಾಟ ಮುಂದುವರಿದಿದೆ. ಯಾವುದಾದರೊಂದು ಅವಿಭಾಜ್ಯ ಸಂಖ್ಯೆಯ ಐದನೆಯ ಘಾತದಿಂದಾದರೂ ಅದು ಭಾಗವಾಗಲೇಬೇಕೆಂದು 2007ರಲ್ಲಿ ಶ್ವೇ, ಲಿಶಿಯಾರ್ಡೊಪೊಲ್, ಮೊರೆ, ಸೊಲೆ ತೋರಿಸಿದರು. ಆಮೇಲೆ ಬಂದವರು ಈ ಶರತ್ತನ್ನು ಇನ್ನೂ ಬಿಗಿಗೊಳಿಸಿದ್ದಾರೆ. 5040ರಲ್ಲಿ 2ರ ಘಾತ ನಾಲ್ಕಕ್ಕೇ ನಿಲ್ಲುತ್ತದೆ.